ಮೈದಾನ್ ಗಢಿಯ ದಾರಿ

ಊರಿನಿಂದ ನೆಂಟರು ಬಂದರೆ ದಿಲ್ಲಿ ತೋರಿಸುವ ಪಟ್ಟಿ ನಮ್ಮೆಲ್ಲರ ಮನೆಯಲ್ಲೂ ಒಂದೇ. ಕೆಂಪು ಕೋಟೆ, ಇಂಡಿಯಾ ಗೇಟ್, ಬಿರ್ಲಾ ಮಂದಿರ, ಕುತುಬ್ ಮಿನಾರ್. ಕಾಲು ನೋಯದಿದ್ದರೆ ಅಕ್ಷರಧಾಮ. ಬಂದವರಲ್ಲಿ ಹೆಂಗಸರಿದ್ದರೆ ಕಡೆಗೆ ಸರೋಜಿನಿ ನಗರದ ಮಾರ್ಕೆಟ್ಟು. ನಿಮ್ಮಲ್ಲಿ ಎಷ್ಟೋ ಜನ ರಜೆಯ ದಿನಗಳಲ್ಲಿ ಚಿಕ್ಕಪ್ಪ, ದೊಡ್ಡಮ್ಮಂದಿರ ಹಿಂದೆ ನೀರಿನ ಬಾಟಲಿ ಹಿಡಿದುಕೊಂಡು ಈ ಪಟ್ಟಿಯನ್ನು ಹತ್ತು ಸಲ ಸುತ್ತಿದ್ದೀರಿ ಎಂದು ನನಗೆ ಗೊತ್ತು. ಇವತ್ತು ಆ ಪಟ್ಟಿಯಲ್ಲಿ ಇಲ್ಲದ, ಯಾವ ನೆಂಟರೂ ನೋಡಬೇಕೆಂದು ಕೇಳದ ಒಂದು ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ದಕ್ಷಿಣ ದಿಲ್ಲಿಯ ಅಂಚಿನಲ್ಲಿ, ಅರಾವಳಿಯ ಕಲ್ಲುನೆಲದ ಮೇಲಿರುವ ಆ ಊರಿನ ಹೆಸರು ಮೈದಾನ್ ಗಢಿ. ಅಲ್ಲಿರುವುದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಜನರ ಬಾಯಲ್ಲಿ ಬರೀ 'ಇಗ್ನೋ'.

ನಾನು ಅಲ್ಲಿಯ ವಿದ್ಯಾರ್ಥಿನಿ. ವಯಸ್ಸು ಐವತ್ನಾಲ್ಕು. ಓದುತ್ತಿರುವುದು ಬಿ.ಎಸ್ಸಿ., ಅದೂ ಭೌತಶಾಸ್ತ್ರದ ಆಸೆಯಿಂದ. ನಗುವವರು ಈಗಲೇ ನಕ್ಕುಬಿಡಿ, ದಾರಿಯಲ್ಲಿ ಮಾತಾಡಲು ಬೇರೆ ವಿಷಯ ಬೇಕಾದಷ್ಟಿದೆ.

ನಮ್ಮ ರಾಮಕೃಷ್ಣಪುರಂನಿಂದ ಹೊರಟರೆ ಮೆಟ್ರೊದ ಮೆಜೆಂಟಾ ಲೈನಿನಲ್ಲಿ ಐ.ಐ.ಟಿ. ದಾಟಿ ಹೌಜ್ ಖಾಸ್. ಅಲ್ಲಿ ಬದಲಾಯಿಸಿ ಹಳದಿ ಲೈನು ಹಿಡಿದರೆ ಮಾಳವೀಯ ನಗರ, ಆಮೇಲೆ ಸಾಕೇತ್. ಸಾಕೇತ್‌ನಲ್ಲಿ ನೆಲದಡಿಯಿಂದ ಮೇಲೆ ಬಂದರೆ ಸಾಕು, ಆಟೋದವರು, ಇ-ರಿಕ್ಷಾದವರು "ಇಗ್ನೋ, ಇಗ್ನೋ" ಎಂದು ಕೂಗುತ್ತ ನಿಂತಿರುತ್ತಾರೆ. ಇಬ್ಬರು ಕೂರುವ ಸೀಟಿನಲ್ಲಿ ಮೂವರನ್ನು ಕೂರಿಸುವ ವಿದ್ಯೆ ಅವರಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿದ್ದಲ್ಲ. ಸೈದುಲಾಜಾಬ್, ನೇಬ್ ಸರಾಯ್ ಹಾಯ್ದು ಹೋಗುವ ಆ ರಸ್ತೆಗೆ ಹೆಸರೇ ಇಗ್ನೋ ರೋಡ್. ಎರಡೂ ಕಡೆ ಕಿಕ್ಕಿರಿದ ಕಟ್ಟಡ, ತಲೆಯ ಮೇಲೆ ವೈರುಗಳ ಗೋಜಲು, ಪೇಯಿಂಗ್ ಗೆಸ್ಟ್ ಬೋರ್ಡುಗಳು, ಪರಾಠಾ ಅಂಗಡಿ, ಝೆರಾಕ್ಸ್ ಅಂಗಡಿ. ಝೆರಾಕ್ಸ್ ಅಂಗಡಿಯ ಬಾಗಿಲಲ್ಲೇ ಇನ್ನೊಂದು ಬೋರ್ಡು: ಬರೆದು ಸಿದ್ಧವಾಗಿರುವ ಅಸೈನ್‌ಮೆಂಟುಗಳು ಸಿಗುತ್ತವೆ, ಕೈಬರಹದಲ್ಲೇ! ದುಡ್ಡು ಕೊಟ್ಟರೆ ಯಾರೋ ನಿಮ್ಮ ಪರವಾಗಿ ಕೂತು ನ್ಯೂಟನ್ನನ ನಿಯಮಗಳನ್ನು ದುಂಡಗೆ ಬರೆದುಕೊಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನಮ್ಮೂರ ಕಡೆ ಹರಕೆಯ ಉರುಳುಸೇವೆಯನ್ನು ಬೇರೆಯವರ ಕೈಲಿ ಮಾಡಿಸುವ ಸಾಹುಕಾರರ ನೆನಪಾಗುತ್ತದೆ.

ಗೇಟು ದಾಟಿದರೆ ಮಾತ್ರ ಬೇರೆಯೇ ಲೋಕ. ಗದ್ದಲ ಅಲ್ಲಿಗೆ ನಿಂತುಬಿಡುತ್ತದೆ. ಅಗಲವಾದ ರಸ್ತೆ, ಗಿಡಮರ, ನಡುವೆ ಮೇಲೆದ್ದ ಬಂಡೆ, ಅದೃಷ್ಟವಿದ್ದರೆ ಒಂದೆರಡು ನವಿಲು. ಕಲ್ಲಿನ ಸಂದಿಯಲ್ಲೆಲ್ಲ ಬೆಳೆದಿರುವ ಮುಳ್ಳಿನ ಗಿಡವನ್ನು ಇಲ್ಲಿಯವರು ವಿಲಾಯತಿ ಕೀಕರ್ ಅನ್ನುತ್ತಾರೆ. ನಾನು ಮೊದಲ ಸಲ ಹತ್ತಿರ ಹೋಗಿ ಎಲೆ ಮುಟ್ಟಿ ನೋಡಿದೆ. ಅರೆ, ಇದು ನಮ್ಮ ಬಳ್ಳಾರಿ ಜಾಲಿ! ಅಮೆರಿಕಾ ಖಂಡದಿಂದ ಬಂದ ಗಿಡಕ್ಕೆ ಇಲ್ಲಿಯವರು ವಿಲಾಯತಿಯ ಹೆಸರಿಟ್ಟರೆ ನಮ್ಮವರು ಬಳ್ಳಾರಿಯ ಹೆಸರಿಟ್ಟಿದ್ದಾರೆ. ಹೊರಗಿನಿಂದ ಬಂದು ಬೇರು ಬಿಟ್ಟವರನ್ನು ಜನ ಯಾವ ಊರಿನವರೆಂದು ಕರೆಯುತ್ತಾರೆ ಎನ್ನುವುದು ನಿಮಗೂ ನನಗೂ ಹೊಸ ಪ್ರಶ್ನೆಯೇನಲ್ಲ ಬಿಡಿ.

ಆವರಣದೊಳಗೆ ಸ್ವಲ್ಪ ಹೊತ್ತು ನಡೆದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ವಿಶ್ವವಿದ್ಯಾಲಯವೇನೋ ಇದೆ, ವಿದ್ಯಾರ್ಥಿಗಳ ಗುಂಪೇ ಇಲ್ಲ! ತರಗತಿಯ ಗಂಟೆ ಇಲ್ಲ, ಕ್ಯಾಂಟೀನಿನ ಮುಂದೆ ಬೈಕು ನಿಲ್ಲಿಸಿಕೊಂಡು ನಗುವ ಹುಡುಗರಿಲ್ಲ. ಲಕ್ಷಗಟ್ಟಲೆ ವಿದ್ಯಾರ್ಥಿಗಳಿರುವ ಈ ವಿಶ್ವವಿದ್ಯಾಲಯದ ಅಂಗಳದಲ್ಲಿ ಕಾಣುವುದು ಕಡತ ಹಿಡಿದ ನೌಕರರು, ಪ್ರಾಧ್ಯಾಪಕರು, ಪುಸ್ತಕದ ಕಟ್ಟುಗಳು. ವಿದ್ಯಾರ್ಥಿಗಳೆಲ್ಲ ಅವರವರ ಮನೆಯಲ್ಲಿ, ಅಂಗಡಿಯಲ್ಲಿ, ಸೈನ್ಯದ ಬ್ಯಾರಕ್ಕಿನಲ್ಲಿ ಇದ್ದಾರೆ. ತಿಹಾರ್ ಜೈಲಿನಲ್ಲೂ ಇದ್ದಾರೆ, ಅಲ್ಲೂ ಇಗ್ನೋದ ಅಧ್ಯಯನ ಕೇಂದ್ರವಿದೆ. ನನ್ನ ಪಾಲಿನ ಕ್ಯಾಂಪಸ್ಸು ಎಂದರೆ ಅಡಿಗೆಮನೆ ಮತ್ತು ಹಾಲ್ ನಡುವೆ ಇರುವ ಊಟದ ಮೇಜು. ನಿಜ ಹೇಳಬೇಕೆಂದರೆ ನನ್ನಂಥವಳಿಗೆ ಮೈದಾನ್ ಗಢಿಗೆ ಹೋಗುವ ಅಗತ್ಯವೇ ಇಲ್ಲ. ಪ್ರವೇಶ, ಪರೀಕ್ಷೆಯ ಅರ್ಜಿ ಎಲ್ಲ ಕಂಪ್ಯೂಟರಿನಲ್ಲೇ. ತೊಂದರೆಯಾದರೆ ಪ್ರಾದೇಶಿಕ ಕೇಂದ್ರವಿದೆ. ಪಾಠಕ್ಕೆ, ಲ್ಯಾಬಿಗೆ ಅಧ್ಯಯನ ಕೇಂದ್ರವಾಗಿರುವ ಕಾಲೇಜಿದೆ. ಆದರೂ ಹೋದೆ. ಹೆಸರು ನೋಂದಾಯಿಸಿದ ಮೇಲೆ ನನ್ನ ವಿಶ್ವವಿದ್ಯಾಲಯ ಹೇಗಿದೆ ಎಂದು ಒಮ್ಮೆ ಕಣ್ಣಾರೆ ನೋಡಬೇಡವೇ?

ಅಂಚೆಯಲ್ಲಿ ಪಾಠ ಕಲಿಯುವುದು ನಮ್ಮ ದೇಶಕ್ಕೆ ಹೊಸದಲ್ಲ. 1962ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಆರಂಭಿಸಿತು. ನಮ್ಮ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಶುರುಮಾಡಿತು. ಅದೇ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇಗ್ನೋ ಸ್ಥಾಪನೆಯಾದದ್ದು 1985ರಲ್ಲಿ, ಪಾರ್ಲಿಮೆಂಟಿನ ಕಾಯ್ದೆಯಿಂದ. ಮೊದಲ ಕುಲಪತಿ ಜಿ. ರಾಮ್ ರೆಡ್ಡಿ, ಅದಕ್ಕೆ ಮೊದಲು ಹೈದರಾಬಾದಿನಲ್ಲಿ ಆಂಧ್ರದ ಮುಕ್ತ ವಿಶ್ವವಿದ್ಯಾಲಯವನ್ನು ನಡೆಸಿದ್ದವರು. ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾಲಯ 1971ರಲ್ಲಿ ಪಾಠ ಆರಂಭಿಸಿದಾಗ ವಿಜ್ಞಾನದ ವಿದ್ಯಾರ್ಥಿಗಳ ಮನೆಗೇ ಪ್ರಯೋಗದ ಪೆಟ್ಟಿಗೆ ಕಳಿಸುತ್ತಿತ್ತಂತೆ. ನಮಗೆ ಪೆಟ್ಟಿಗೆ ಬರುವುದಿಲ್ಲ, ನಾವೇ ಲ್ಯಾಬಿಗೆ ಹೋಗಬೇಕು. ಆ ಕಥೆಗೆ ಆಮೇಲೆ ಬರುತ್ತೇನೆ.

ಈ ವಯಸ್ಸಿನಲ್ಲಿ ಏಕೆ, ಅದೂ ಭೌತಶಾಸ್ತ್ರ ಏಕೆ ಎಂದು ಸಂಘದಲ್ಲಿ ಎಲ್ಲರೂ ಕೇಳಿದ್ದಾಗಿದೆ. ನಮ್ಮದು ಧಾರವಾಡ ಜಿಲ್ಲೆಯ ಒಂದು ಸಣ್ಣ ತಾಲ್ಲೂಕು ಊರು. 1989ರಲ್ಲಿ ಪಿ.ಯು.ಸಿ. ವಿಜ್ಞಾನ ಪಾಸಾದೆ. ಭೌತಶಾಸ್ತ್ರದಲ್ಲಿ ಕ್ಲಾಸಿಗೆ ನಾನೇ ಮೊದಲು. ಊರಿನ ಕಾಲೇಜಿನಲ್ಲಿ ಪದವಿಗೆ ಇದ್ದದ್ದು ಕಲೆ, ವಾಣಿಜ್ಯ ಮಾತ್ರ. ಬಿ.ಎಸ್ಸಿ. ಬೇಕೆಂದರೆ ಧಾರವಾಡದಲ್ಲಿ ಹಾಸ್ಟೆಲ್ಲಿಗೆ ಹಾಕಬೇಕು. ಆ ವರ್ಷ ತಮ್ಮನನ್ನು ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ಹಾಕಿದ್ದರು. ಇಬ್ಬರನ್ನು ಹೊರಗಿಟ್ಟು ಓದಿಸುವಷ್ಟು ಅಪ್ಪನ ಸಂಬಳ ಇರಲಿಲ್ಲ. "ಬಿ.ಎ. ಮಾಡವಾ, ಇಂಗ್ಲಿಷ್ ತೊಗೊ. ಎಲ್ಲಿ ಕೊಟ್ಟರೂ ನಡೀತದ" ಅಂದರು. ಇಂಗ್ಲಿಷ್ ತೆಗೆದುಕೊಂಡೆ. ಎಂದೂ ಕಣ್ಣಲ್ಲಿ ಕಾಣದ ಹೂವು, ಎಂದೂ ಮೈಮೇಲೆ ಬೀಳದ ಹಿಮದ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಕ್ಲಾಸಿನಲ್ಲೇ ಪಾಸಾದೆ. ಆ ಓದೂ ವ್ಯರ್ಥವಾಗಲಿಲ್ಲ. ಮಗನಿಗೆ, ಮಗಳಿಗೆ, ಅಕ್ಕಪಕ್ಕದ ಮಕ್ಕಳಿಗೆ ವರ್ಷಗಟ್ಟಲೆ ಇಂಗ್ಲಿಷ್ ಹೇಳಿಕೊಟ್ಟೆ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪಿ.ಯು.ಸಿ.ಯ ಭೌತಶಾಸ್ತ್ರದ ಪುಸ್ತಕವನ್ನು ಮದುವೆಯಾಗಿ ಬರುವಾಗ ಟ್ರಂಕಿನ ಅಡಿಯಲ್ಲಿ ಇಟ್ಟುಕೊಂಡು ಬಂದಿದ್ದೆ ಎಂಬುದನ್ನೂ ಹೇಳಬೇಕು. ಯಾಕೆ ಎಂದು ಆಗ ಕೇಳಿದ್ದರೆ ಉತ್ತರ ಇರಲಿಲ್ಲ.

ಮಗಳ ಮದುವೆಯಾಗಿ, ಮಗ ಗುರುಗ್ರಾಮದಲ್ಲಿ ಕೆಲಸಕ್ಕೆ ಸೇರಿದ ಮೇಲೆ, 2021ರ ಜುಲೈ ಪ್ರವೇಶದಲ್ಲಿ ಹೆಸರು ಹಚ್ಚಿದೆ. ಪಿ.ಯು.ಸಿ. ವಿಜ್ಞಾನ ಆಗಿದ್ದರೆ ಸಾಕು, ವಯಸ್ಸು ಕೇಳುವುದಿಲ್ಲ. ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ, ಎಂಬತ್ಮೂರು ವರ್ಷ. ಪುಸ್ತಕದ ಕಟ್ಟು ಬಂದ ದಿನ ಅವರು ಕೇಳಿದ್ದು ಒಂದೇ ಮಾತು: "ಏನವಾ, ಇದನ್ನ ಓದಿದರ ಯಾರಿಗೆ ತೋರಸಾಕಿ?" ನಾನು "ಯಾರಿಗೂ ಇಲ್ಲ ಅತ್ತಿ" ಅಂದೆ. "ಹಂಗಾರ ಓದು" ಅಂದರು. ನಮ್ಮ ಮನೆಯವರು ಏನೂ ಅನ್ನಲಿಲ್ಲ, ಆದರೆ ಮಾರನೆಯ ದಿನ ಒಂದು ಟೇಬಲ್ ಲ್ಯಾಂಪ್ ತಂದಿಟ್ಟರು.

ಲೆಕ್ಕ ಹೇಳುತ್ತೇನೆ, ಕೇಳಿ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ನನ್ನ ಬಿ.ಎಸ್ಸಿ.ಗೆ 132 ಕ್ರೆಡಿಟ್. ಅಲ್ಲಿಗೆ 3,960 ಗಂಟೆ. ಮೂರು ವರ್ಷದಲ್ಲಿ ಮುಗಿಸಬಹುದು, ಹೆಚ್ಚೆಂದರೆ ಆರು ವರ್ಷ ಸಮಯವಿದೆ. ದಿನಕ್ಕೆ ಎರಡು ಗಂಟೆಯಂತೆ ಒಂದು ದಿನವೂ ತಪ್ಪದೆ ಕೂತರೆ 1,980 ದಿನ, ಅಂದರೆ ಸುಮಾರು ಐದು ವರ್ಷ ಐದು ತಿಂಗಳು. ಯುಗಾದಿ, ದೀಪಾವಳಿ, ಜ್ವರ, ನೆಂಟರು, ಗ್ಯಾಸ್ ಸಿಲಿಂಡರ್ ಖಾಲಿಯಾದ ದಿನ ಎಲ್ಲ ಸೇರಿಸಿದರೆ ಆರು ವರ್ಷದ ಗಡುವು ಧಾರಾಳವೇನೂ ಅಲ್ಲ. 'ಬಿಡುವಿನ ವೇಳೆಯಲ್ಲಿ ಡಿಗ್ರಿ' ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಬಿಡುವಿನ ವೇಳೆ ಎಂಬುದು ತಾನಾಗಿ ಬರುವುದಿಲ್ಲ, ಬೆಳಗಿನ ನಿದ್ದೆಯಿಂದ ಕತ್ತರಿಸಿಕೊಳ್ಳಬೇಕು. ನನ್ನದು ನಾಲ್ಕೂವರೆಯಿಂದ ಆರೂವರೆ. ಹಾಲಿನವನ ಬೆಲ್ಲೇ ನನ್ನ ಕಾಲೇಜಿನ ಗಂಟೆ.

ಮೊದಲ ಪುಸ್ತಕ ಯಂತ್ರಶಾಸ್ತ್ರ. ಪದಗಳೇ ದೊಡ್ಡ ಅಡ್ಡಿ ಎಂದುಕೊಂಡಿದ್ದೆ, ಆದದ್ದು ಬೇರೆ. ಹೈಸ್ಕೂಲಿನವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮ. 'ಇನರ್ಷಿಯಾ' ಎಂಬ ಇಂಗ್ಲಿಷ್ ಶಬ್ದ ಕಣ್ಣಿಗೆ ಬಿದ್ದ ಕೂಡಲೆ ಒಳಗಿನಿಂದ 'ಜಡತ್ವ' ಎಂಬ ಶಬ್ದ ಎದ್ದುಬಂತು. ಜಡ ಎಂದರೇನು ಎಂದು ನಮಗೆ ಯಾರೂ ವ್ಯಾಖ್ಯಾನ ಕೊಡಬೇಕಾಗಿಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ ಸೋಫಾದಲ್ಲಿ ಬಿದ್ದವರನ್ನು ಎಬ್ಬಿಸಲು ಎಷ್ಟು ಬಲ ಬೇಕು ಎಂದು ಪ್ರತಿ ಹೆಂಗಸಿಗೂ ಗೊತ್ತು. 'ಆಕ್ಸಿಲರೇಷನ್' ನನಗೆ ವೇಗೋತ್ಕರ್ಷ. ಲ್ಯಾಬಿನ ಹಿಂದಿ ಹುಡುಗರಿಗೆ ಅದು ತ್ವರಣ್. ಒಂದೇ ಮೇಜಿನ ಸುತ್ತ ನಾವು ಮೂರು ಭಾಷೆಯಲ್ಲಿ ಒಂದೇ ವಸ್ತುವನ್ನು ಅಳೆಯುತ್ತಿದ್ದೆವು. ನಿಮ್ಮಲ್ಲಿ ಹೆಚ್ಚಿನವರು ಕನ್ನಡವನ್ನು ಮನೆಯ ಮಾತಾಗಿ ಕಲಿತವರು, ಅಕ್ಷರ ಕೂಡಿಸಿ ಕೂಡಿಸಿ ಓದುವವರು. ಇಂಥ ಶಬ್ದಗಳು ಮಾರ್ಕ್ಸಿಗೆ ಬರುವುದಿಲ್ಲ, ನಿಜ. ಆದರೂ ಲೋಲಕ, ಘರ್ಷಣೆ, ವಕ್ರೀಭವನ ಎಂಬ ಮಾತುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿನೋಡಿ.

ಲೋಲಕ ಅಂದೆನಲ್ಲ, ಮನೆಯಲ್ಲೇ ಮಾಡಿ. ಒಂದು ಗಟ್ಟಿ ದಾರ, ಅದರ ತುದಿಗೆ ಒಂದು ಸಣ್ಣ ಬೀಗ. ಬಾಗಿಲ ಚೌಕಟ್ಟಿನ ಮೊಳೆಗೆ ನೇತುಹಾಕಿ. ಮೊಳೆಯಿಂದ ಬೀಗದ ನಡುವಿನವರೆಗೆ 99 ಸೆಂಟಿಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಡಿ. ಹೋಗಿ ಬರಲು ಎರಡು ಸೆಕೆಂಡು. ಇಪ್ಪತ್ತು ಸಲ ತೂಗಿದರೆ ನಲವತ್ತು ಸೆಕೆಂಡು. ಬೀಗ ತೆಗೆದು ಸೌಟು ಕಟ್ಟಿದರೂ, ನಡುವಿನ ಉದ್ದ ಅಷ್ಟೇ ಇದ್ದರೆ ಹೆಚ್ಚುಕಡಿಮೆ ಅಷ್ಟೇ ಸಮಯ. ಉದ್ದ ಮತ್ತು ಸಮಯ ಗೊತ್ತಾದರೆ ಭೂಮಿ ನಮ್ಮನ್ನು ಎಷ್ಟು ಜೋರಾಗಿ ಎಳೆಯುತ್ತಿದೆ ಎಂದು ಲೆಕ್ಕ ಹಾಕಬಹುದು. ದಿಲ್ಲಿಯಲ್ಲಿ ಅದು ಸೆಕೆಂಡಿಗೆ ಸೆಕೆಂಡಿಗೆ 9.79 ಮೀಟರ್. ಧಾರವಾಡ ಭೂಮಧ್ಯರೇಖೆಗೆ ಹತ್ತಿರ, ಜೊತೆಗೆ ಎತ್ತರದ ಮೇಲಿದೆ, ಅಲ್ಲಿ 9.78. ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲು. ಅಂದರೆ ಸ್ಪ್ರಿಂಗ್ ತಕ್ಕಡಿಯಲ್ಲಿ ಇಲ್ಲಿ ಅರವತ್ತು ಕಿಲೋ ತೂಗುವವರು ತವರಿಗೆ ಹೋದರೆ ಸುಮಾರು ಅರವತ್ತು ಗ್ರಾಂ ಹಗುರ! ತವರಿಗೆ ಹೋದರೆ ಹಗುರವಾಗುತ್ತದೆ ಎಂದು ಹೆಂಗಸರು ಹೇಳುತ್ತಾರಲ್ಲ, ಅದಕ್ಕೆ ನನ್ನ ಬಳಿ ಈಗ ಲೆಕ್ಕವೂ ಇದೆ. ಅಲ್ಲಿ ತಿನ್ನುವ ಹೋಳಿಗೆಯಿಂದ ಆಗುವ ತೂಕ ಬೇರೆ ಲೆಕ್ಕ.

ಈಗ ಲ್ಯಾಬಿನ ಕಥೆ. ಎರಡು ಕ್ರೆಡಿಟ್ಟಿನ ಒಂದು ಲ್ಯಾಬ್ ಎಂದರೆ 60 ಗಂಟೆ. ಓದನ್ನು ಊಟದ ಮೇಜಿನ ಮೇಲೆ ಮಾಡಬಹುದು, ಲ್ಯಾಬನ್ನಲ್ಲ, ಹಾಜರಿ ಕಡ್ಡಾಯ. ಕೇಂದ್ರದವರು ತಂಡ ಕೂಡಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದರ ಹಿಂದೆ ಒಂದು ಪ್ರಯೋಗ ಮಾಡಿಸುತ್ತಾರೆ. ಮೊದಲ ದಿನ ಕಾರಿಡಾರಿನಲ್ಲಿ ನಿಂತಿದ್ದಾಗ ಇಬ್ಬರು ಹುಡುಗರು ಓಡಿಬಂದು "ಗುಡ್ ಮಾರ್ನಿಂಗ್ ಮ್ಯಾಡಮ್, ಹಮಾರಾ ಬ್ಯಾಚ್ ಕೌನ್ ಸಾ ಹೈ?" ಎಂದರು. ನನ್ನ ಕೈಯಲ್ಲೂ ಅವರದೇ ಬಣ್ಣದ ರೆಕಾರ್ಡ್ ಬುಕ್ ಇದ್ದದ್ದನ್ನು ನೋಡಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮ್ಯಾಡಮ್ ಹೋಗಿ ಆಂಟಿ ಆದೆ. ಮೂರನೆಯ ದಿನ ನನ್ನ ಡಬ್ಬಿಯ ಚಿತ್ರಾನ್ನ ಹಂಚಿದ ಮೇಲೆ ಬರೀ 'ಪಾರ್ಟ್‌ನರ್'.

ನನ್ನ ಪಾರ್ಟ್‌ನರ್‌ಗಳಲ್ಲಿ ಒಬ್ಬ ರಾತ್ರಿ ಪಾಳಿಯಲ್ಲಿ ಗೋದಾಮು ಕಾಯುತ್ತಿದ್ದ. ಇನ್ನೊಬ್ಬಳು ಎರಡು ವರ್ಷದ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬರುತ್ತಿದ್ದಳು. ನಮ್ಮ ಪಾಲಿಗೆ ಬಂದದ್ದು ಬಾರ್ ಪೆಂಡುಲಮ್. ಉದ್ದನೆಯ ಕಬ್ಬಿಣದ ಪಟ್ಟಿ, ಅದರಲ್ಲಿ ಸಾಲಾಗಿ ತೂತು, ಒಂದೊಂದೇ ತೂತಿನಲ್ಲಿ ಚೂಪು ಅಂಚಿನ ಮೇಲೆ ತೂಗಿಸಿ ಸಮಯ ನೋಡಬೇಕು. ನಮಗೆ ಬಂದ ಉತ್ತರ 9.71. ಪಕ್ಕದ ಮೇಜಿನವರೆಲ್ಲ ಆಗಲೇ 9.8 ಬರೆದು ಮುಗಿಸಿದ್ದರು. ಗೋದಾಮಿನ ಹುಡುಗ ಆಕಳಿಸುತ್ತ ಹೇಳಿದ: "ಪಾರ್ಟ್‌ನರ್, ಉತ್ತರ ಗೊತ್ತೇ ಇದೆಯಲ್ಲ. ಅದಕ್ಕೆ ಸರಿಯಾಗಿ ಹಿಂದಿನಿಂದ ರೀಡಿಂಗ್ ಬರೆದುಬಿಡೋಣ, ನನಗೆ ನಿದ್ದೆ ಬರ್ತಾ ಇದೆ." ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಹನ್ನೆರಡು ಗಂಟೆ ಕಾವಲು ಕಾದು ಬಂದಿದ್ದ. ಆದರೆ ಮೂವತ್ತೆರಡು ವರ್ಷ ಕಾದು ಲ್ಯಾಬಿಗೆ ಬಂದವಳಿಗೆ ಅದಾಗುವ ಮಾತೇ? ಅವನನ್ನು ಬೆಂಚಿನ ಮೇಲೆ ಮಲಗಲು ಬಿಟ್ಟು ನಾವಿಬ್ಬರೂ ಮತ್ತೆ ಮಾಡಿದೆವು. ಮತ್ತೆ 9.71ರ ಆಸುಪಾಸೇ. ಕಡೆಗೆ ಆ ಹುಡುಗಿ ಬಗ್ಗಿ ನೋಡಿ ಕಂಡುಹಿಡಿದಳು. ಪಟ್ಟಿ ಕೂರುವ ಅಂಚು ಸವೆದು ಮೊಂಡಾಗಿತ್ತು. ಈಳಿಗೆಮಣೆಯ ಮೇಲೆ ಕೂತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೇ ಬರೆದೆವು: ಫಲಿತಾಂಶ 9.71, ವ್ಯತ್ಯಾಸ ಶೇಕಡ 0.8, ಕಾರಣ ಇದಿರಬಹುದು. ಪಾಠ ಹೇಳುವವರು ಓದಿ, ಏನೂ ಹೇಳದೆ, ಎದ್ದು ಹೋಗಿ ಆ ಅಂಚನ್ನು ಬೆರಳಿನಿಂದ ಸವರಿ ನೋಡಿಬಂದು ಸಹಿ ಹಾಕಿದರು.

ಇನ್ನೊಂದು ದಿನ ನ್ಯೂಟನ್ನನ ಉಂಗುರಗಳು. ಚಪ್ಪಟೆ ಗಾಜಿನ ಮೇಲೆ ಸ್ವಲ್ಪವೇ ಉಬ್ಬಿದ ಮಸೂರ. ಮೇಲಿನಿಂದ ಸೋಡಿಯಂ ದೀಪದ ಅರಿಸಿನದಂಥ ಬೆಳಕು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ನಡುವೆ ಕಪ್ಪು ಬಿಂದು, ಸುತ್ತ ಕಪ್ಪು-ಹಳದಿ ಉಂಗುರಗಳು. ಅಂಗಳದಲ್ಲಿ ಐವತ್ತು ವರ್ಷ ರಂಗೋಲಿ ಹಾಕಿದ ಕೈಗೂ ಅಂಥ ವೃತ್ತ ಎಳೆಯಲು ಸಾಧ್ಯವಿಲ್ಲ. ಒಂದು ಉಂಗುರದಿಂದ ಮುಂದಿನದಕ್ಕೆ ಎರಡು ಗಾಜುಗಳ ನಡುವಿನ ಗಾಳಿಯ ಪದರ ದಪ್ಪವಾಗುವುದು ಬೆಳಕಿನ ಅರ್ಧ ತರಂಗಾಂತರದಷ್ಟು, ಸುಮಾರು 295 ನ್ಯಾನೊಮೀಟರ್. ತಲೆಗೂದಲಿನ ದಪ್ಪ ಇದರ ಇನ್ನೂರು ಪಟ್ಟಿಗೂ ಹೆಚ್ಚು. ಉಂಗುರ ಎಣಿಸುತ್ತಾ ಎಣಿಸುತ್ತಾ ಸಂಜೆಯಾದದ್ದೇ ತಿಳಿಯಲಿಲ್ಲ. ಅವತ್ತು ಮನೆಗೆ ಹೋದಾಗ ಎಂಟು ಗಂಟೆ. ಅತ್ತೆ ಮತ್ತು ಮಗ ಸೇರಿ ಉಪ್ಪಿಟ್ಟು ಮಾಡಿಕೊಂಡಿದ್ದರು, ನನಗೂ ಎತ್ತಿಟ್ಟಿದ್ದರು.

ದಿಲ್ಲಿಯಲ್ಲಿ ಓದುವುದರ ಒಂದು ಲಾಭವಿದೆ: ಪಠ್ಯದ ಅರ್ಧ ಭಾಗ ರಸ್ತೆಯಲ್ಲೇ ನಿಂತಿದೆ. ಮೈದಾನ್ ಗಢಿಯಿಂದ ಬರುವಾಗ ಒಮ್ಮೆ ಸಾಕೇತ್‌ನಲ್ಲಿ ಮೆಟ್ರೊ ಹತ್ತದೆ ಆಟೋದಲ್ಲಿ ಕುತುಬ್‌ಗೆ ಹೋದೆ. ನೆಂಟರೊಡನೆ ಹೋದಾಗ ಫೋಟೊ ತೆಗೆಯುವುದರಲ್ಲೇ ಸಮಯ ಹೋಗುತ್ತಿತ್ತು. ಈ ಸಲ ನೆರಳಲ್ಲಿ ಕೂತು ಲೆಕ್ಕ ಹಾಕಿದೆ. ಮಿನಾರಿನ ಎತ್ತರ 72.5 ಮೀಟರ್, ಗಾಳಿಯ ತಡೆ ಬಿಟ್ಟರೆ ತುದಿಯಿಂದ ಬಿದ್ದ ಕಲ್ಲು ನೆಲ ಮುಟ್ಟಲು 3.85 ಸೆಕೆಂಡು. ಅಲ್ಲೇ ಪಕ್ಕದಲ್ಲಿ ಕಬ್ಬಿಣದ ಕಂಬ, ಗುಪ್ತರ ಕಾಲದ್ದು, ಏಳು ಮೀಟರಿಗೂ ಎತ್ತರ. ಸಾವಿರದ ಆರುನೂರು ವರ್ಷದ ಬಿಸಿಲು ಮಳೆಗೂ ತುಕ್ಕು ಹಿಡಿದು ಹಾಳಾಗಿಲ್ಲ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಅದರಿಂದ ಮೈಮೇಲೆ ತೆಳ್ಳನೆಯ ರಕ್ಷಾಪದರ ಬೆಳೆದಿದೆ ಎಂದು ಕಾನ್ಪುರ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದಾರೆ. ನಮ್ಮ ಮನೆಯ ಬಾಲ್ಕನಿಯ ಗ್ರಿಲ್ಲಿಗೆ ಮೂರು ವರ್ಷಕ್ಕೊಮ್ಮೆ ಬಣ್ಣ ಬೇಕು.

ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜಂತರ್ ಮಂತರ್. ಟಿ.ವಿ.ಯಲ್ಲಿ ಧರಣಿಯ ಸುದ್ದಿಯಲ್ಲಿ ಮಾತ್ರ ಅದರ ಹೆಸರು ಕೇಳಿದವರು ಒಮ್ಮೆ ಒಳಗೆ ಹೋಗಿ. ಸವಾಯಿ ಜೈಸಿಂಹ 1724ರಲ್ಲಿ ಕಟ್ಟಿಸಿದ್ದು. ಅಲ್ಲಿಯ ಸಾಮ್ರಾಟ್ ಯಂತ್ರ ಎಂಬ ದೊಡ್ಡ ನೆರಳುಗಡಿಯಾರದ ಇಳಿಜಾರು ಗೋಡೆ ನೆಲಕ್ಕೆ 28 ಡಿಗ್ರಿ 37 ಮಿನಿಟಿನ ಕೋನದಲ್ಲಿದೆ, ಅಂದರೆ ದಿಲ್ಲಿಯ ಅಕ್ಷಾಂಶದಷ್ಟೇ. ಆ ಗೋಡೆಯ ಗುಂಟ ಕಣ್ಣು ಹಾಯಿಸಿದರೆ ಧ್ರುವನಕ್ಷತ್ರದ ದಿಕ್ಕು. ಅದೇ ಗಡಿಯಾರವನ್ನು ಧಾರವಾಡದಲ್ಲಿ ಕಟ್ಟಿದ್ದರೆ ಗೋಡೆ ಹದಿನೈದೂವರೆ ಡಿಗ್ರಿಗೆ ಮಲಗಿರುತ್ತಿತ್ತು. ನಾನು ಸಣ್ಣವಳಿದ್ದಾಗ ಮಾಳಿಗೆಯ ಮೇಲೆ ಮಲಗಿ ಅಜ್ಜಿ ತೋರಿಸಿದ ಧ್ರುವ ಹುಣಸೆಮರದ ತುದಿಗಿಂತ ಸ್ವಲ್ಪವೇ ಮೇಲಿರುತ್ತಿತ್ತು. ಇಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟು ಎತ್ತರದಲ್ಲಿದೆ. ಹೊಗೆ ಕಡಿಮೆ ಇರುವ ರಾತ್ರಿ ಹುಡುಕಿ ನೋಡಿ. ಹದಿಮೂರು ಡಿಗ್ರಿ ಮೇಲೇರಿದೆ ಎಂದರೆ ನಾವು ಅಷ್ಟು ಉತ್ತರಕ್ಕೆ ಬಂದಿದ್ದೇವೆ. ಡಿಗ್ರಿಗೆ ಸುಮಾರು 111 ಕಿಲೋಮೀಟರಿನಂತೆ ಲೆಕ್ಕ ನೀವೇ ಹಾಕಿ.

ನೌಕರಿಯ ಜೊತೆಗೆ ಭೌತಶಾಸ್ತ್ರ ಎಂದಾಗ ಸಿ.ವಿ. ರಾಮನ್ ನೆನಪಾಗದೆ ಇರುವುದಿಲ್ಲ. 1907ರಲ್ಲಿ ಅವರು ಕಲಕತ್ತಾಕ್ಕೆ ಹೋದದ್ದು ಹಣಕಾಸು ಇಲಾಖೆಯ ಅಧಿಕಾರಿಯಾಗಿ. ಬೌಬಜಾರಿನಲ್ಲಿದ್ದ ವಿಜ್ಞಾನ ಸಂಘದ ಪ್ರಯೋಗಾಲಯಕ್ಕೆ ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಹೋಗಿ ಹತ್ತು ವರ್ಷ ಸಂಶೋಧನೆ ಮಾಡಿದರು. 1917ರಲ್ಲಿ ನೌಕರಿ ಬಿಟ್ಟು ಪ್ರಾಧ್ಯಾಪಕರಾದರು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಇಷ್ಟನ್ನು ಎಲ್ಲ ಭಾಷಣದಲ್ಲೂ ಹೇಳುತ್ತಾರೆ. ಅದೇ ವರ್ಷ ಅಲ್ಲಿ ಪ್ರವೇಶ ಕೇಳಿದ ಕಮಲಾ ಭಾಗವತ್ ಎಂಬ ಹುಡುಗಿಗೆ, ಹೆಣ್ಣು ಎಂಬ ಕಾರಣಕ್ಕೆ ರಾಮನ್ ಮೊದಲು ಇಲ್ಲವೆಂದರು, ಅವಳು ಹಟ ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಆಕೆಯೇ ಮುಂದೆ ಕೇಂಬ್ರಿಜ್‌ನಲ್ಲಿ 1939ರಲ್ಲಿ ಪಿಎಚ್.ಡಿ. ಪಡೆದ ಕಮಲಾ ಸೊಹೊನಿ. ನಾನು ಇಬ್ಬರ ಕಥೆಯನ್ನೂ ಒಟ್ಟಿಗೇ ಇಟ್ಟುಕೊಂಡಿದ್ದೇನೆ.

ನಿಮ್ಮಲ್ಲಿ ಒಬ್ಬಳು ಕಳೆದ ತಿಂಗಳು ಸಂಘದ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಕೇಳಿದಳು: "ಆಂಟಿ, ನಾನೂ ಕಾಲೇಜು ಬಿಟ್ಟು ಇಗ್ನೋಗೆ ಸೇರಿಬಿಡ್ಲಾ? ಕೆಲಸಾನೂ ಮಾಡಬಹುದು." ಅವಳಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಹದಿನೆಂಟು ವರ್ಷ ವಯಸ್ಸು, ಕಾಲೇಜಿನಲ್ಲಿ ಸೀಟು, ಮನೆಯಲ್ಲಿ ಫೀಸು ಕೊಡುವವರು ಮೂರೂ ಇದ್ದರೆ ಕಾಲೇಜಿಗೇ ಹೋಗಿ. ವಿಜ್ಞಾನವನ್ನಂತೂ ಒಬ್ಬರೇ ಕೂತು ಕಲಿಯುವುದು ಕಷ್ಟ. ಬೆಳಗಿನ ಐದು ಗಂಟೆಗೆ ಒಂದು ಸಮಾಕಲನ ಬಿಡಿಸಲು ಬರದಿದ್ದರೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ನಾನು ಗಣಿತದ ಮೊದಲ ಪತ್ರಿಕೆಗೆ ಮೂರು ಸಲ ಪುಸ್ತಕ ತಿರುವಿಹಾಕಿದ್ದೇನೆ. ಆದರೆ ಆ ಮೂರರಲ್ಲಿ ಯಾವುದೋ ಒಂದು ಕೈತಪ್ಪಿದ್ದರೆ, ಮನೆಗೆ ನಿಮ್ಮ ಸಂಬಳ ಬೇಕಿದ್ದರೆ, ಅಥವಾ ಒಮ್ಮೆ ಓದು ನಿಂತುಹೋಗಿದ್ದರೆ, ಈ ದಾರಿ ಇದೆ, ಗಟ್ಟಿ ದಾರಿಯೇ. ಇಗ್ನೋದ ಪಾಠಪುಸ್ತಕಗಳೆಲ್ಲ 'ಇ-ಜ್ಞಾನಕೋಶ'ದಲ್ಲಿ ಯಾರಿಗೆ ಬೇಕಾದರೂ ಪುಕ್ಕಟೆ ಓದಲು ಸಿಗುತ್ತವೆ. ಸೇರುವ ಮುಂಚೆ ಯಂತ್ರಶಾಸ್ತ್ರದ ಮೊದಲ ಎರಡು ಘಟಕ ಓದಿ, ಅಭ್ಯಾಸದ ಲೆಕ್ಕ ಬಿಡಿಸಿನೋಡಿ. ಮೂರನೆಯ ವಾರವೂ ಮುಂಜಾನೆ ಎದ್ದರೆ ಆಮೇಲೆ ಫೀಸು ಕಟ್ಟಿ. ಅಸೈನ್‌ಮೆಂಟ್ ಮಾತ್ರ ನಿಮ್ಮ ಕೈಯಿಂದಲೇ ಬರೆಯಿರಿ. ಅದಕ್ಕೆ ಶೇಕಡ 30 ಅಂಕ, ಆದರೆ ನನಗೆ ಅರ್ಥವಾದದ್ದರಲ್ಲಿ ಶೇಕಡ 70 ಅದನ್ನು ಬರೆಯುವಾಗಲೇ ಅರ್ಥವಾದದ್ದು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ. ದಿಲ್ಲಿಯ ಹವೆ ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ನನ್ನದು ಎಲ್ಲಿಗೆ ಬಂತು ಎಂದು ಕೇಳುತ್ತೀರಿ. 2023ರ ಚಳಿಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್, ಆಮೇಲೆ ನಾಲ್ಕು ತಿಂಗಳು ಹಾಸಿಗೆ. ಆ ಅವಧಿಯಲ್ಲೇ ವಿದ್ಯುತ್ತು ಮತ್ತು ಕಾಂತತ್ವದ ಲ್ಯಾಬ್ ಬಂತು. ಕೇಂದ್ರದವರು ತಿಳಿಸಿದ್ದು ನಾಲ್ಕು ದಿನ ಮುಂಚೆ. ತಡವಾಗಿ ಹೇಳುವುದು ಅಲ್ಲಿಯ ಪದ್ಧತಿ, ಅದನ್ನು ಬರೆದು ಕೊಟ್ಟರೂ ಉತ್ತರ ಬರಲಿಲ್ಲ. ಹೋಗಲಿಲ್ಲ. ಮುಂದಿನ ವರ್ಷ ತಂಡ ತುಂಬಲಿಲ್ಲವೆಂದು ಲ್ಯಾಬೇ ನಡೆಯಲಿಲ್ಲ. ಆರು ವರ್ಷದ ಗಡುವು ಮುಗಿಯುವುದು 2027ರ ಜೂನಿಗೆ. ಇನ್ನು ಉಳಿದಿರುವುದು ಆ ಒಂದು ಲ್ಯಾಬ್, ಎರಡು ಪತ್ರಿಕೆ. ಪತ್ರಿಕೆಗಳ ಬಗ್ಗೆ ಭಯವಿಲ್ಲ. ಲ್ಯಾಬ್ ಸಿಗದಿದ್ದರೆ ಉಳಿದದ್ದೆಲ್ಲ ಇದ್ದೂ ಡಿಗ್ರಿ ಇಲ್ಲ.

ಅದಕ್ಕೇ ಈಗ ವಾರಕ್ಕೊಮ್ಮೆ ಕೇಂದ್ರಕ್ಕೆ ಫೋನ್ ಮಾಡುತ್ತೇನೆ. ಫೋನ್ ಎತ್ತುವ ಹುಡುಗನಿಗೆ ನನ್ನ ದನಿ ಗುರುತು ಸಿಕ್ಕಿದೆ. "ಪೆಂಡುಲಮ್ ಆಂಟಿ" ಅನ್ನುತ್ತಾನೆ. ಹಳೆಯ ಪಾರ್ಟ್‌ನರ್‌ಗಳಿಗೂ ಹೇಳಿಟ್ಟಿದ್ದೇನೆ. ಮಗುವಿನ ತಾಯಿಗೂ ಅದೇ ಲ್ಯಾಬ್ ಬಾಕಿ, ಅವಳು ಇನ್ನೂ ಮೂವರನ್ನು ಹುಡುಕಿದ್ದಾಳೆ. ತಂಡ ತುಂಬಲು ಇನ್ನೂ ಕೆಲವರು ಬೇಕು. ನಿಮ್ಮ ಪರಿಚಯದಲ್ಲಿ ಇಗ್ನೋದ ಬಿ.ಎಸ್ಸಿ. ಓದುತ್ತಿರುವವರು, ಈ ಲ್ಯಾಬ್ ಉಳಿಸಿಕೊಂಡವರು ಇದ್ದರೆ ಸಂಘದ ಗ್ರಂಥಾಲಯದಲ್ಲಿ ತಿಳಿಸಿ. ಭಾನುವಾರ ಹನ್ನೊಂದರಿಂದ ಒಂದರವರೆಗೆ ನಾನು ಅಲ್ಲೇ ಇರುತ್ತೇನೆ. ಅತ್ತೆ ಈಗ ವಾಕರ್ ಹಿಡಿದು ಓಡಾಡುತ್ತಾರೆ. ಲ್ಯಾಬಿನ ದಿನಗಳಲ್ಲಿ ಅನ್ನಕ್ಕೆ ಕುಕ್ಕರ್ ಇಡುವುದು ತಮ್ಮ ಕೆಲಸ ಎಂದು ಆಗಲೇ ಹೇಳಿಬಿಟ್ಟಿದ್ದಾರೆ.